ಒಂದು ದಿನವೂ ತಪ್ಪಿಸದೆ ನೀರು ಹಾಕಿದೆ, ಆದರೂ ಸಸಿ ಸತ್ತವು!

ಪ್ರಶ್ನೆ: ವಸಂತ ಬಂತು ಅಂತ ಟ್ರೇಯಲ್ಲಿ ಟೊಮೆಟೊ, ಮೆಣಸಿನ ಬೀಜ ಬಿತ್ತಿದ್ದೆ. ಟೊಮೆಟೊ ಆರನೇ ದಿನಕ್ಕೆ ಮೊಳಕೆ ಒಡೆಯಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮುಂದಿನ ವಾರ ಬೆಳಿಗ್ಗೆ ಎದ್ದು ನೋಡಿದರೆ ಅರ್ಧಕ್ಕರ್ಧ ಸಸಿ ಅಡ್ಡಬಿದ್ದಿವೆ. ದಿನಕ್ಕೆ ಎರಡು ಸಲ ನೀರು ಹಾಕಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ. ಮೆಣಸಿನದಂತೂ ಸುದ್ದಿಯೇ ಇಲ್ಲ. ಅಳು ಬರುವುದೊಂದು ಬಾಕಿ.

ಉತ್ತರ: ಆ 'ತಪ್ಪಿಸಿಲ್ಲ' ಅನ್ನುವುದರಲ್ಲೇ ತಪ್ಪು ಇದೆ ಕಣಮ್ಮ. ಬಿದ್ದ ಸಸಿಯ ಬುಡ ನೋಡಿ. ಮಣ್ಣಿಗೆ ತಾಗುವ ಕಡೆ ಕಾಂಡ ಕಂದಾಗಿ, ದಾರದಷ್ಟು ಸಣ್ಣಗಾಗಿದೆಯಾ? ಹಾಗಿದ್ದರೆ ಅದು ಬುಡ ಕೊಳೆ ರೋಗ. ಪಿಥಿಯಮ್, ರೈಜೋಕ್ಟೋನಿಯಾ ಥರದ, ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಅವು ಮಣ್ಣಲ್ಲೇ ಇರುತ್ತವೆ. ಮಣ್ಣು ಸದಾ ಒದ್ದೆಯಾಗಿದ್ದು, ಸಸಿ ಒತ್ತೊತ್ತಾಗಿ ಬೆಳೆದು, ಗಾಳಿ ಆಡದಿದ್ದರೆ ಅವಕ್ಕೆ ಹಬ್ಬ.

ಬಿದ್ದವು ಮತ್ತೆ ಏಳುವುದಿಲ್ಲ. ಸುತ್ತಲಿನ ಮಣ್ಣಿನ ಸಮೇತ ತೆಗೆದು ಬಿಸಾಡಿ. ಕಾಂಪೋಸ್ಟ್‌ಗೆ ಮಾತ್ರ ಹಾಕಬೇಡಿ. ಉಳಿದವನ್ನು ಬೆಳಕು, ಗಾಳಿ ಇರುವ ಕಡೆ ಇಡಿ. ಟ್ರೇಯ ತಳದಲ್ಲಿ ತೂತು ಇದೆಯಾ ನೋಡಿ. ಇನ್ನು ಮೇಲೆ ಮೇಲ್ಮಣ್ಣು ಒಣಗಿದ್ದು ಕಂಡ ಮೇಲೆ, ಬೆಳಿಗ್ಗೆ ಹೊತ್ತು ನೀರು ಕೊಡಿ. ಮತ್ತೆ ಬಿತ್ತುವುದಾದರೆ ಟ್ರೇ ಚೆನ್ನಾಗಿ ತೊಳೆದು, ಹೊಸ ಮಣ್ಣು ತುಂಬಿ.

ಮೆಣಸಿನಕಾಯಿಯ ಮೇಲೆ ಸಿಟ್ಟಾಗಬೇಡಿ. ಅದು ನಿಧಾನ. ಎರಡು ವಾರ ಮಾಮೂಲು, ಚಳಿ ಇದ್ದರೆ ಮೂರೂ ಆಗುತ್ತದೆ. 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಬೇಗ ಬರುತ್ತದೆ. ಬಂತಾ ಅಂತ ಮಣ್ಣು ಕೆದಕಿ ನೋಡುವ ಚಟ ನನಗೂ ಇತ್ತು. ಹಾಗೆ ನೋಡಿದ್ದರಲ್ಲಿ ಒಂದೂ ಬರಲಿಲ್ಲ.

ನಿನ್ನೆ ನನ್ನ ದಿನ ಹೇಗಿತ್ತು ಕೇಳಿ. ಬೆಳಿಗ್ಗೆ ಹೋದಾಗ ಬೀನ್ಸ್ ಮೊಳಕೆಗಳು ಬೆನ್ನು ಬಗ್ಗಿಸಿ, ತಲೆ ಮೇಲೆ ಮಣ್ಣಿನ ಹೆಂಟೆ ಹೊತ್ತುಕೊಂಡು ಎದ್ದಿದ್ದವು. ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಎದ್ದು, ಅದೇ ಸಾಲಿನ ಮೇಲೆ ನೀರಿನ ಪೈಪು ಎಳೆದೆ! ಮೂರು ಮುರಿದವು. ಯಾರನ್ನು ಬಯ್ಯಲಿ? ಮಧ್ಯಾಹ್ನ ನೋಡಿದರೆ ಮೊನ್ನೆ ನೆಟ್ಟ ಬದನೆ ಸಸಿ ಎಲೆ ಇಳಿಬಿಟ್ಟು ನಿಂತಿದೆ. ಕ್ಯಾನ್ ಎತ್ತಿದೆ. ಯಾಕೋ ಅನುಮಾನ ಬಂದು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿದೆ. ಒಳಗೆ ತೇವ ಇತ್ತು. ಕ್ಯಾನ್ ಕೆಳಗಿಟ್ಟೆ. ಬಿಸಿಲಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಎಳೆ ಬೇರು ಅಷ್ಟೇ ಬೇಗ ಎಳೆದುಕೊಳ್ಳಲಾರದು, ಅದಕ್ಕೇ ಬಾಡಿತ್ತು. ಸಂಜೆ ತಂಪಾದ ಮೇಲೆ ತಾನೇ ನೆಟ್ಟಗಾಯಿತು. ಹಿಂದೆಲ್ಲ ಇಂಥ ಹೊತ್ತಲ್ಲಿ ನೀರು ಸುರಿದು ಸುರಿದೇ ಎಷ್ಟೋ ಸಸಿ ಕೊಂದಿದ್ದೇನೆ. ಬಾಡಿದ್ದನ್ನು ನೋಡಿ ಕೈ ಕಟ್ಟಿಕೊಂಡು ನಿಲ್ಲುವುದು ಕಷ್ಟ, ಅಲ್ವಾ?

ಪ್ರಶ್ನೆ: ಕಿಟಕಿ ಬಳಿ ಇಟ್ಟ ಟೊಮೆಟೊ ಸಸಿಗಳು ಉದ್ದುದ್ದ ಬೆಳೆದು ಒಂದೇ ಕಡೆ ವಾಲಿವೆ. ಬಿಸಾಡಲಾ?

ಉತ್ತರ: ಬೇಡ. ಬೆಳಕು ಸಾಲದೆ ಹಾಗಾಗಿದೆ. ಟೊಮೆಟೊ ಕಾಂಡ ಮಣ್ಣಲ್ಲಿ ಹೂತರೆ ಅಲ್ಲೂ ಬೇರು ಬಿಡುತ್ತದೆ. ಕೆಳಗಿನ ಎಲೆ ತೆಗೆದು ಆಳಕ್ಕೆ ನೆಡಿ. ಆದರೆ ಒಳಗೆ ಬೆಳೆದದ್ದನ್ನು ನೇರ ಬಿಸಿಲಿಗೆ ತಳ್ಳಬೇಡಿ. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ದಿನಾ ಸ್ವಲ್ಪ ಜಾಸ್ತಿ. ಒಂದು ವಾರ, ಹತ್ತು ದಿನ ಹೀಗೆ ಮಾಡಿ. ನೆಡುವುದು ಸಂಜೆ.

ಪ್ರಶ್ನೆ: ಮಡಿಯಲ್ಲಿ ನೆಟ್ಟ ಸಸಿ ರಾತ್ರಿ ಕಳೆಯುವುದರಲ್ಲಿ ಕತ್ತರಿ ಹಾಕಿದ ಹಾಗೆ ತುಂಡಾಗಿ ಬಿದ್ದಿರುತ್ತವೆ. ಇದೂ ಕೊಳೆ ರೋಗವೇ?

ಉತ್ತರ: ಅಲ್ಲ, ಕತ್ತರಿ ಹುಳು. ಹಗಲು ಬುಡದ ಹತ್ತಿರವೇ ಮಣ್ಣಲ್ಲಿ ಸುರುಳಿ ಸುತ್ತಿ ಮಲಗಿರುತ್ತದೆ, ಕೆದಕಿದರೆ ಸಿಗುತ್ತದೆ. ಪ್ರತಿ ಸಸಿಯ ಸುತ್ತ ದಪ್ಪ ಕಾಗದದ ಪಟ್ಟಿ ಸುತ್ತಿ, ಎರಡು ಮೂರು ಸೆಂಟಿಮೀಟರ್ ಮಣ್ಣೊಳಗೆ ಹೋಗುವ ಹಾಗೆ ಊರಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಳುಗಳನ್ನು ಹೆಕ್ಕಿ ತೆಗೆದರೂ ಆಗುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. 'ಯಾರದು ತೋಟದಲ್ಲಿ?' ಅಂತ ಅವರು ಕೂಗಿದ್ದಕ್ಕೆ ಬೆಚ್ಚಿ ಹಿಂದೆ ಸರಿದು, ಮತ್ತೆರಡು ಬೀನ್ಸ್ ತುಳಿದೆ.