ಸಣ್ಣ ದೋಣಿಗೆ ಓಪನ್‌ಸಿಪಿಎನ್ ಸಾಕಾ?

ಕಾಸರಗೋಡಿನಿಂದ ಮೀನಿಗೆ ಹೋಗುವ ಔಟ್‌ಬೋರ್ಡ್ ದೋಣಿಯಲ್ಲಿ ಓಪನ್‌ಸಿಪಿಎನ್ (ಕಡಲ ನಕ್ಷೆಯ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ಸಾಫ್ಟ್‌ವೇರ್) ಹಾಕಿದ ಲ್ಯಾಪ್‌ಟಾಪನ್ನೇ ನಂಬಬಹುದಾ ಅಂತ ಕೇಳಿದ್ದೀರಿ. ಹೊರಗಿನ ಕಡಲಲ್ಲಿ ಬಹಳ ಉಪಯೋಗ. ಅಳಿವೆಯಲ್ಲಿ ಮಾತ್ರ ಅದೊಂದನ್ನೇ ನಂಬಬೇಡಿ.

ಸಾಫ್ಟ್‌ವೇರ್ ಉಚಿತ. ಯುಎಸ್‌ಬಿ ಜಿಪಿಎಸ್ ಸಿಕ್ಕಿಸಿದರೆ ದೋಣಿಯ ಜಾಗ, ವೇಗ, ಸಾಗುವ ದಿಕ್ಕು ತೋರಿಸುತ್ತದೆ. ನಕ್ಷೆಯನ್ನು ಬೇರೆ ಹಾಕಿಕೊಳ್ಳಬೇಕು. ನಮ್ಮ ಕರಾವಳಿಯ ಅಧಿಕೃತ ನಕ್ಷೆ ತಯಾರಿಸುವುದು ಡೆಹ್ರಾಡೂನ್‌ನಲ್ಲಿರುವ ನೌಕಾಪಡೆಯ ಹೈಡ್ರೋಗ್ರಾಫಿಕ್ ಕಚೇರಿ.

ಇನ್ನು ಅಳಿವೆ. ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿ ಮಳೆಗಾಲದ ನೆರೆ, ತೆರೆ ಎರಡೂ ಸೇರಿ ಮರಳನ್ನು ಜರುಗಿಸುತ್ತವೆ. ನಕ್ಷೆಯಲ್ಲಿರುವುದು ಎಂದೋ ಅಳೆದ ಆಳ, ಅಲ್ವಾ? ಎಷ್ಟು ಜೂಮ್ ಮಾಡಿದರೂ ಗೆರೆ ದೊಡ್ಡದಾಗುತ್ತದೆ, ಅಳತೆ ಹೊಸದಾಗುವುದಿಲ್ಲ. ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆದರೆ ಇಕ್ಕಟ್ಟಾದ ದಾರಿಯಲ್ಲಿ ಅದೇ ಜಾಸ್ತಿ. ದಿನಾ ದಾಟುವ ಮೀನುಗಾರರನ್ನು ಕೇಳಿ. ಅವರ ಹಿಂದೆಯೇ ಹಗಲಲ್ಲಿ, ಉಬ್ಬರ ಏರುತ್ತಿರುವಾಗ ಹೋಗಿ, ಆ ಜಾಡನ್ನು ಸಾಫ್ಟ್‌ವೇರ್‌ನಲ್ಲಿ ಉಳಿಸಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಹಳೆ ಜಾಡು ಅಳಿಸಿ, ಹೊಸದು ಮಾಡಿ.

ಉಪ್ಪುನೀರು ತಾಗಿದರೆ ಲ್ಯಾಪ್‌ಟಾಪ್ ಕೈಕೊಡುತ್ತದೆ. ದಿಕ್ಸೂಚಿಯೊಂದು ದೋಣಿಯಲ್ಲಿ ಇರಲೇಬೇಕು.