‘ಮನೆಯಲ್ಲೇ ಇರ್ತೀರಲ್ಲ!’

ನನ್ನ ಬಳಿ ಸಲಹೆಗೆ ಬಂದವರ ವಯಸ್ಸು 72, ಬ್ಯಾಂಕಿನಿಂದ ನಿವೃತ್ತಿ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆ. ಹೆಂಡತಿ, ಮಗ, ಮನೆಯಿಂದಲೇ ಕೆಲಸ ಮಾಡುವ ಸೊಸೆ. ಕನ್ನಡ ಪತ್ರಿಕೆಯೊಂದಕ್ಕೆ ವಾರಕ್ಕೊಂದು ಅಂಕಣ, ನಡುನಡುವೆ ಮರಾಠಿಯಿಂದ ಅನುವಾದ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ರಾಯರು ಎಂದು ಕರೆಯೋಣ.

ಅವರ ದೂರು ಇಷ್ಟು: “ಪದ ಸಿಗೋಲ್ಲ. ಎರಡು ಗಂಟೆ ಕೂತರೂ ಒಂದು ಪ್ಯಾರಾ ಮುಗಿಯೋಲ್ಲ. ಅಣ್ಣನಿಗೆ ಬಂದಿದ್ದ ಮರೆವಿನ ಕಾಯಿಲೆ ನನಗೂ ಶುರುವಾಗಿದೆ.”

ವಯಸ್ಸಾದಂತೆ ಹೆಸರು, ಪದ ತಡವಾಗಿ ಹೊಳೆಯುವುದು ಸಹಜ. ಸ್ನಾನಕ್ಕೆ ಹೋದಾಗ ನೆನಪಾಯಿತೆಂದರೆ ಪದ ಒಳಗೆ ಇದ್ದೇ ಇತ್ತು, ಬರಲು ತಡವಾಯಿತು ಅಷ್ಟೆ. ಪರಿಚಿತ ದಾರಿ ತಪ್ಪುವುದು, ಕೇಳಿದ್ದನ್ನೇ ಕೇಳುವುದು, ಹಣದ ಲೆಕ್ಕ ಎಡವುವುದು ಬೇರೆ ಮಾತು. ರಾಯರು ತಮ್ಮ ಹೌಸಿಂಗ್ ಸೊಸೈಟಿಯ ಲೆಕ್ಕವನ್ನು ಈಗಲೂ ಪೈಸೆ ಬಿಡದೆ ಬರೆಯುತ್ತಾರೆ. ಆದರೂ ಊಹೆಗೆ ಬಿಡದೆ ವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್ ಸರಿಯಿತ್ತು, ಬಿ12 ವಿಟಮಿನ್ ಕಡಿಮೆ ಇತ್ತು, ಔಷಧ ಶುರುವಾಯಿತು. ವೃದ್ಧರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಪಟ್ಟಿಯಲ್ಲಿ ಅಂಕ 4. 5 ದಾಟಿದ್ದರೆ ಇನ್ನಷ್ಟು ವಿಚಾರಿಸಬೇಕಾಗುತ್ತಿತ್ತು.

ಆಮೇಲೆ ಕೊಟ್ಟ ಕೆಲಸ ಒಂದೇ. ಒಂದು ವಾರ, ಕುರ್ಚಿ ಬಿಟ್ಟು ಎದ್ದಾಗಲೆಲ್ಲ ಹೊತ್ತು ಮತ್ತು ಕಾರಣ ಬರೆದಿಡುವುದು. ಮಂಗಳವಾರದ ಪುಟ ಹೀಗಿತ್ತು:

9:40 ಇಸ್ತ್ರಿವಾಲಾ. 9:52 ಕೊರಿಯರ್, ಒಟಿಪಿ ಹುಡುಕಾಟ. 10:05 ಸೊಸೆಗೆ ಮೀಟಿಂಗು, ಮೂರು ಸೀಟಿಗೆ ಕುಕ್ಕರ್ ಆರಿಸಿದ್ದು. 10:20 ಬಾತ್‌ರೂಮ್. 10:31 ಕೊರಿಯರ್, ಪಕ್ಕದ ಮನೆಯದು. 10:50 ಬಾತ್‌ರೂಮ್. 11:12 ಗ್ಯಾಸ್ ಸಿಲಿಂಡರ್.

ಏಳದೆ ಕೂತ ಅತಿ ಉದ್ದದ ಬಿಡುವು 22 ನಿಮಿಷ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ವಾಕ್ಯದ ಕೊನೆಗೆ. ನಡುವೆ ಎದ್ದುಹೋದವರು ಮರಳುವಾಗ ಕರ್ತೃವೊಬ್ಬನೇ ಕಾಯುತ್ತ ಕೂತಿರುತ್ತಾನೆ. ಇದನ್ನು ಮರೆವು ಎನ್ನುವುದು ಹೇಗೆ?

ಮನೆಯವರನ್ನೆಲ್ಲ ಕೂರಿಸಿ ಆ ಪುಟ ಓದಿಸಿದೆ. ಗುರುವಾರ ಸಂಜೆ 4ಕ್ಕೆ ಅಂಕಣ ತಲುಪಬೇಕೆಂಬುದೇ ಸೊಸೆಗೆ ಗೊತ್ತಿರಲಿಲ್ಲ. “ಮಾವ ಮನೆಯಲ್ಲೇ ಇರ್ತಾರಲ್ಲ, ಬೆಲ್ ಆದ ಕೂಡಲೇ ಅವರೇ ಏಳ್ತಾರೆ” ಎಂದಳು. ನಿಜವೇ. ದುಡಿಯುವವರ ಎದುರು ಸುಮ್ಮನೆ ಕೂತಂತೆ ಕಾಣಬಾರದೆಂಬ ಮುಜುಗರ ರಾಯರದು. ನನ್ನ ಲೆಕ್ಕದಲ್ಲಿ ಅರ್ಧ ತಪ್ಪು ಅವರದೇ: ಬರವಣಿಗೆ ಕೆಲಸವೆಂದು ಅವರೇ ಯಾರಿಗೂ ಹೇಳಿರಲಿಲ್ಲ.

ಮೊದಲು ಬರೆಯಲು ಒಂದೇ ಪಟ್ಟಿಗೆ ಮೂರು ಗಂಟೆ ಇಟ್ಟೆವು. ಮೂರನೇ ದಿನ ಮುರಿದುಬಿತ್ತು. ರಕ್ತದೊತ್ತಡಕ್ಕೆ ತಿನ್ನುವ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವಿದೆ. ತಿಂಡಿಯ ಮೇಲೆ 8:30ಕ್ಕೆ ನುಂಗಿದರೆ ಅದರ ಜೋರು ಬರೆಯುವ ಹೊತ್ತಿಗೇ. ಅದಕ್ಕೆಂದು ರಾಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಇಲ್ಲಿನ ಬೆವರಿಗೆ ಅದು ಅಪಾಯ: ತಲೆಸುತ್ತು, ಮಲಬದ್ಧತೆ, ಮಂಕು. ಮಾತ್ರೆ ಬಿಡಬೇಡಿ, ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ ಎಂದೆ. ಅವರು ಬೆಳಿಗ್ಗೆ 6ಕ್ಕೆ ಒಪ್ಪಿದರು, ನಲ್ಲಿ ನೀರು ಹಿಡಿಯಲು ಹೇಗೂ ಏಳುವ ಹೊತ್ತು.

ಈಗಿನ ಕ್ರಮ: 10ರಿಂದ 10:50, ಸಂಜೆ 4ರಿಂದ 4:50. ಆ ಹೊತ್ತಿನಲ್ಲಿ ಕೊರಿಯರ್ ವಾಚ್‌ಮನ್ ಬಳಿ, ಫೋನು ಅಡುಗೆಮನೆಯ ಕಪಾಟಿನ ಮೇಲೆ, ಕುಕ್ಕರ್ ಹೆಂಡತಿಯ ಪಾಲಿಗೆ. ಇಸ್ತ್ರಿವಾಲಾನನ್ನು ಮಾತ್ರ ತಪ್ಪಿಸಲಿಲ್ಲ, 11ಕ್ಕೆ ಬರಹೇಳಿದೆವು. ಅವನ ಜೊತೆಗಿನ ಐದು ನಿಮಿಷದ ಮರಾಠಿ ಹರಟೆ ರಾಯರಿಗೆ ಬೇಕು.

ರಾಯರಿಗೆ ಕತ್ತು ನೋವೂ ಇತ್ತು, ಅದಕ್ಕೆ ಕಾರಣ ಕನ್ನಡಕ. ದೂರ, ಹತ್ತಿರ ಎರಡಕ್ಕೂ ಆಗುವ ಪ್ರೋಗ್ರೆಸಿವ್ ಗಾಜಿನಲ್ಲಿ ಓದುವ ಭಾಗ ಕೆಳಗಿರುತ್ತದೆ, ಪರದೆ ನೋಡಲು ಗಲ್ಲ ಎತ್ತಲೇಬೇಕು. ಸುಮಾರು 60 ಸೆಂ.ಮೀ. ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಿಕೊಂಡರು. 30 ಇಂಚಿನ ಊಟದ ಮೇಜು ಅವರ ಎತ್ತರಕ್ಕೆ ಹೆಚ್ಚು. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ದಿಂಬು ಹಾಕಿದಾಗ ಕಾಲು ತೂಗಾಡಿತು. ಕೆಳಗೆ ಹಳೆಯ ದೀಪಾವಳಿ ವಿಶೇಷಾಂಕಗಳ ಕಟ್ಟು ಇಟ್ಟೆವು. ಸರಸ್ವತಿಯನ್ನು ಕಾಲಲ್ಲಿ ಒದೆಯುವುದೇ ಎಂದು ಹೆಂಡತಿ ಅದನ್ನು ತೆಗೆಸಿ ಮರದ ಮಣೆ ಕೊಟ್ಟರು.

ಹೊತ್ತಿನ ಇನ್ನೊಂದು ಸೋರಿಕೆ ಬುಧವಾರದ್ದು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನ ಬರಹ ಪತ್ರಿಕೆಯ ಕಡೆ ಗೀಚುಗೀಚಾಗಿ ತೆರೆದು, ರಾಯರು ಫೋನಿನಲ್ಲಿ ಮತ್ತೆ ಕುಟ್ಟುತ್ತಿದ್ದರು. ನುಡಿಯಲ್ಲೇ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತ) ಆಯ್ಕೆ ಇದೆ, ಕೀಲಿಗಳು ಅವೇ. ಹಳೆಯ ಕಡತಗಳನ್ನು ಪರಿವರ್ತಿಸುವಾಗ ಮಾತ್ರ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು.

ಆರನೇ ವಾರದ ಪುಟದಲ್ಲಿ ಅತಿ ಉದ್ದದ ಬಿಡುವು 47 ನಿಮಿಷ. ನೆನಪಿನ ತಪಾಸಣೆ ಆರು ತಿಂಗಳಿಗೆ ಮತ್ತೊಮ್ಮೆ. ಭಾನುವಾರ ಮಾತ್ರ ಸರಿಹೋಗಿಲ್ಲ: ಮಗ ಮನೆಯಲ್ಲಿ, ಟಿವಿಯಲ್ಲಿ ಕ್ರಿಕೆಟ್ಟು. ಅವತ್ತು ಬರೆಯುವುದೇ ಬೇಡ ಎಂದಿದ್ದೇನೆ.