ಓದುಗರ ಪ್ರಶ್ನೋತ್ತರ: ಅಧಿಕಾರದಲ್ಲಿರುವವರಿಗೆ ಪ್ರಶಸ್ತಿ ಕೊಡಬಹುದೇ?

ಪ್ರಶ್ನೆ: ನಮ್ಮ ಯುವಕ ಮಂಡಲಕ್ಕೆ ಈ ವರ್ಷ ಬೆಳ್ಳಿಹಬ್ಬ. ಊರಿನ ಹಿರಿಯ ಮದ್ದಳೆಗಾರರೊಬ್ಬರಿಗೂ ನಿವೃತ್ತ ಶಿಕ್ಷಕಿಯೊಬ್ಬರಿಗೂ ‘ಸಾಧಕ ಪ್ರಶಸ್ತಿ’ ಕೊಡುವುದೆಂದು ನಿರ್ಣಯವಾಗಿತ್ತು. ನಮ್ಮ ಸಭಾಭವನಕ್ಕೆ ಅನುದಾನ ಒದಗಿಸಿದ ಶಾಸಕರಿಗೂ ಅದೇ ಪ್ರಶಸ್ತಿ ಕೊಡಬೇಕು, ಉಳಿದಿಬ್ಬರಿಗೆ ಅವರ ಕೈಯಿಂದಲೇ ಪ್ರದಾನ ಮಾಡಿಸಬೇಕು ಎಂದು ಈಗ ಕೆಲವು ಸದಸ್ಯರು ಒತ್ತಾಯಿಸುತ್ತಿದ್ದಾರೆ. ಇದು ಸರಿಯೇ?
(ಓದುಗರೊಬ್ಬರು, ಕಾರ್ಕಳ)

ಉತ್ತರ: ಶಾಸಕರ ಕೈಯಿಂದ ಪ್ರದಾನ ಮಾಡಿಸುವುದು ಸರಿ. ಅವರಿಗೇ ಪ್ರಶಸ್ತಿ ಕೊಡುವುದು ಸರಿಯಲ್ಲ. ಜನರು ಆರಿಸಿ ಕಳುಹಿಸಿದವರು ಊರಿನ ಕಲಾವಿದರಿಗೆ ಶಾಲು ಹೊದೆಸಿದಾಗ, ಆ ಶಾಲನ್ನು ಇಡೀ ಕ್ಷೇತ್ರವೇ ಹೊದೆಸಿದಂತಾಗುತ್ತದೆ. ಆ ಹುದ್ದೆಗೆ ಅಂಥದೊಂದು ಪ್ರಾತಿನಿಧ್ಯವಿದೆ. ಆದರೆ ಅದೇ ವೇದಿಕೆಯಲ್ಲಿ ಅವರೂ ಪುರಸ್ಕೃತರಾಗಿ ಕುಳಿತರೆ, ಐವತ್ತು ವರ್ಷ ಮದ್ದಳೆ ನುಡಿಸಿದ ಸಾಧನೆಯೂ ಒಂದು ಮಂಜೂರಾತಿ ಪತ್ರಕ್ಕೆ ಹಾಕಿದ ಸಹಿಯೂ ಸಮಾನವೆಂದು ಸಭೆಗೆ ಹೇಳಿದಂತಾಗುತ್ತದೆ.

ನಿಮ್ಮ ಸಭಾಭವನಕ್ಕೆ ಬಂದ ಹಣ ಯಾರದೆಂಬುದನ್ನು ಸದಸ್ಯರು ಒಮ್ಮೆ ಯೋಚಿಸಬೇಕು. ಕರ್ನಾಟಕದಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರ ನಿಧಿಯೆಂದು ವರ್ಷಕ್ಕೆ 5 ಕೋಟಿ ರೂಪಾಯಿ ನಿಗದಿಯಾಗಿದೆ. ಇವೆರಡೂ ಸರ್ಕಾರದ ಬೊಕ್ಕಸದಿಂದ ಬರುವ ಹಣ. ಅಗತ್ಯವಿರುವ ಕಡೆಗೆ ಅದನ್ನು ತಲುಪಿಸುವುದು ಹುದ್ದೆಯ ಕರ್ತವ್ಯ. ಚೆನ್ನಾಗಿ ಮಾಡಿದ ಕರ್ತವ್ಯಕ್ಕೆ ಕೃತಜ್ಞತೆ ಹೇಳಲೇಬೇಕು, ಅದನ್ನು ಸ್ವಾಗತ ಭಾಷಣದಲ್ಲಿ ಮನಸಾರೆ ಹೇಳಿ. ಪ್ರಶಸ್ತಿ ಬೇರೆಯೇ ವಿಷಯ. ಮುಂದಿನ ವರ್ಷ ಆವರಣ ಗೋಡೆಗೂ ಅನುದಾನ ಬೇಕೆಂಬ ಆಸೆಯಿರುವ ಸಂಸ್ಥೆ ಇಂದು ಶಾಸಕರಿಗೆ ಪ್ರಶಸ್ತಿ ಕೊಟ್ಟರೆ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ನೋಡುವವರಿಗೆ ಮುಂಗಡದಂತೆ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಿಂದ ಹಿಡಿದು ಯಕ್ಷಗಾನದ ರಂಗಸ್ಥಳದವರೆಗೆ ಈ ರೂಢಿ ಹಬ್ಬಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸಚಿವರ ವಿಷಯದಲ್ಲಿ ಲಿಖಿತ ನೀತಿಸಂಹಿತೆಯೇ ಇದೆ. ಕೇಂದ್ರ ಮತ್ತು ರಾಜ್ಯಗಳ ಸಚಿವರಿಬ್ಬರಿಗೂ ಅನ್ವಯಿಸುವ ಆ ಸಂಹಿತೆಯ ಪ್ರಕಾರ, ಪ್ರಶಸ್ತಿ ಕೊಡುವ ಸಂಸ್ಥೆಯ ಹಿನ್ನೆಲೆಯನ್ನು ಮೊದಲು ಪರಿಶೀಲಿಸಬೇಕು. ಸಂಸ್ಥೆಯು ಕಳಂಕರಹಿತವಾಗಿದ್ದರೆ ಪ್ರಶಸ್ತಿಯನ್ನು ಸ್ವೀಕರಿಸಬಹುದಾದರೂ ಅದರೊಂದಿಗಿನ ನಗದನ್ನು ಸ್ವೀಕರಿಸಬಾರದು. ಸಚಿವರಲ್ಲದ ಶಾಸಕರಿಗೆ ಇದು ಅನ್ವಯಿಸುವುದಿಲ್ಲವಾದರೂ, ಅದರ ಹಿಂದಿರುವ ವಿವೇಕವನ್ನು ನಿಮ್ಮ ಮಂಡಲ ತನ್ನದಾಗಿಸಿಕೊಳ್ಳಬಹುದು. ಶಾಸಕರಿಗೆ ಹಾರ, ಶಾಲುಗಳನ್ನು ಕೈಬಿಡಲೂ ಹಿಂಜರಿಕೆ ಬೇಡ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಹಣ್ಣಿನ ಬುಟ್ಟಿ, ಶಾಲು ಬೇಡವೆಂದು 2021ರಲ್ಲಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ಆದೇಶಿಸಿತ್ತು. 2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಗೌರವ ತೋರಿಸಬೇಕೆನ್ನುವವರು ಪುಸ್ತಕ ಕೊಡಲಿ ಎಂದರು. ಪಕ್ಷ ಬೇರೆಯಾದರೂ ಇಬ್ಬರೂ ಹೇಳಿದ್ದು ಒಂದೇ ಮಾತಾದ್ದರಿಂದ, ನಿಮ್ಮ ಶಾಸಕರಿಗೆ ಒಂದು ಒಳ್ಳೆಯ ಪುಸ್ತಕ ಕೊಟ್ಟರೆ ಯಾರಿಗೂ ಬೇಸರವಾಗಲಾರದು.

ಇನ್ನೊಂದು ವಿನಂತಿ. ಅತಿಥಿಗಳು ತಡವಾಗಿ ಬಂದರೆ ಹಿರಿಯರನ್ನು ವೇದಿಕೆಯ ಮೇಲೆ ಕಾಯಿಸಬೇಡಿ, ಸಮಯಕ್ಕೆ ಸರಿಯಾಗಿ ಸನ್ಮಾನ ನಡೆಸಿ. ಸನ್ಮಾನ ಪತ್ರವನ್ನು ಪೂರ್ತಿಯಾಗಿ ಓದಿಸಿ. ಆ ಶಿಕ್ಷಕಿ ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದರೆಂಬುದು ಸಭೆಗೆ ಕೇಳಿಸಬೇಕು.

ಪ್ರಶ್ನೆ: ರಾಜಕಾರಣಿಗಳಿಗೆ ಪದ್ಮ ಪ್ರಶಸ್ತಿ ಕೊಡಲು ನಿಯಮದಲ್ಲಿ ಅವಕಾಶವಿದೆಯೇ? ಪಡೆದವರು ಅದನ್ನು ಹೆಸರಿನ ಹಿಂದೆ ಸೇರಿಸಿಕೊಳ್ಳಬಹುದೇ?
(ಓದುಗರೊಬ್ಬರು, ಕುಂದಾಪುರ)

ಉತ್ತರ: ಅವಕಾಶವಿದೆ. ವೈದ್ಯರು ಮತ್ತು ವಿಜ್ಞಾನಿಗಳ ಹೊರತು ಸೇವೆಯಲ್ಲಿರುವ ಸರ್ಕಾರಿ ನೌಕರರು ಪದ್ಮ ಪ್ರಶಸ್ತಿಗೆ ಅರ್ಹರಲ್ಲ, ಆದರೆ ಚುನಾಯಿತರಿಗೆ ಅಂಥ ನಿರ್ಬಂಧವಿಲ್ಲ. ಗುಮಾಸ್ತರಿಗಿರುವ ನಿರ್ಬಂಧ ಸಚಿವರಿಗೂ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಭಾರತರತ್ನಕ್ಕೆ ಹೆಸರು ಶಿಫಾರಸು ಮಾಡುವವರು ಪ್ರಧಾನಮಂತ್ರಿಗಳು. ನೆಹರೂ 1955ರಲ್ಲಿ, ಇಂದಿರಾ ಗಾಂಧಿ 1971ರಲ್ಲಿ ಪ್ರಧಾನಿಯಾಗಿದ್ದಾಗಲೇ ಅದನ್ನು ಪಡೆದರು. ಅವರ ಯೋಗ್ಯತೆ ದೊಡ್ಡದೇ. ಅಧಿಕಾರ ಬಿಟ್ಟ ಮೇಲೆ ಬಂದಿದ್ದರೆ ಆ ಗೌರವದ ಬಗ್ಗೆ ಇಂದಿಗೂ ಚರ್ಚೆ ಉಳಿಯುತ್ತಿರಲಿಲ್ಲ. ಇದಕ್ಕೆ ಹೋಲಿಸಿ 2020ರ ಪಟ್ಟಿಯನ್ನು ನೋಡಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂದಿತು, ಕಿತ್ತಳೆ ಮಾರಿದ ದುಡ್ಡಿನಿಂದ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬರಿಗೆ ಪದ್ಮಶ್ರೀ ಬಂದಿತು. ಇಬ್ಬರಲ್ಲಿ ಯಾರಿಂದಲೂ ಕೊಟ್ಟವರಿಗೆ ಪ್ರತಿಫಲ ಸಿಗುವಂತಿರಲಿಲ್ಲ.

ಹೆಸರಿನೊಂದಿಗೆ ಸೇರಿಸುವುದು ಮಾತ್ರ ತಪ್ಪು. ಸಂವಿಧಾನದ 18ನೇ ವಿಧಿಯು ಸೇನಾ ಮತ್ತು ಶೈಕ್ಷಣಿಕ ಗೌರವಗಳ ಹೊರತಾಗಿ ಸರ್ಕಾರವು ಬಿರುದು ಕೊಡುವುದನ್ನು ನಿಷೇಧಿಸಿದೆ. 1954ರಲ್ಲಿ ಆರಂಭವಾದ ಈ ಪ್ರಶಸ್ತಿಗಳನ್ನು ಜನತಾ ಸರ್ಕಾರ 1977ರಲ್ಲಿ ನಿಲ್ಲಿಸಿತ್ತು, 1980ರಲ್ಲಿ ಅವು ಮರಳಿದವು. ಇವು ಬಿರುದುಗಳಲ್ಲವಾದ್ದರಿಂದ ಸಂವಿಧಾನಬಾಹಿರವಲ್ಲ, ಆದರೆ ಹೆಸರಿನ ಹಿಂದೆ ಮುಂದೆ ಬಳಸಕೂಡದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ನೀಡಿತು. ಆಮಂತ್ರಣ ಪತ್ರಿಕೆ, ಭಿತ್ತಿಪತ್ರ, ಪುಸ್ತಕಗಳಿಗೂ ಇದು ಅನ್ವಯಿಸುತ್ತದೆ. ನಮ್ಮ ಜಿಲ್ಲೆಗಳ ಸಂಘಟಕರು ಅಭಿಮಾನದಿಂದಲೇ ಹೀಗೆ ಅಚ್ಚು ಹಾಕಿಸುತ್ತಾರೆ, ಆದರೂ ತಿದ್ದಿಕೊಳ್ಳಬೇಕು.

ಪ್ರಶ್ನೆ: ಪ್ರಶಸ್ತಿಯನ್ನು ಹಿಂದಿರುಗಿಸುವುದು ಕೊಟ್ಟವರಿಗೆ ಮಾಡುವ ಅವಮಾನವಲ್ಲವೇ?
(ಓದುಗರೊಬ್ಬರು, ಉಡುಪಿ)

ಉತ್ತರ: ಅಲ್ಲ. ನಿಮ್ಮದೇ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1968ರಲ್ಲಿ ಪಡೆದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದರು. ಗೌರವ ಪಡೆದವರು ಕೊಟ್ಟವರಿಗೆ ಋಣಿಯಾಗಿರಬೇಕಿಲ್ಲವೆಂಬುದನ್ನು ಅವರಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ. ರಾಜಕಾರಣಿಗಳಲ್ಲಿಯೂ 1992ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರು ಪದ್ಮವಿಭೂಷಣವನ್ನು, 2022ರಲ್ಲಿ ಬುದ್ಧದೇವ ಭಟ್ಟಾಚಾರ್ಯರು ಪದ್ಮಭೂಷಣವನ್ನು ನಿರಾಕರಿಸಿದ್ದಾರೆ.

ಪ್ರಶ್ನೆ: ನಮ್ಮೂರಿನ ಸಾಧಕರೊಬ್ಬರ ಹೆಸರನ್ನು ಪದ್ಮ ಪ್ರಶಸ್ತಿಗೆ ಸೂಚಿಸಲು ಶಾಸಕರ ಶಿಫಾರಸು ಪತ್ರ ಬೇಕೇ?
(ಓದುಗರೊಬ್ಬರು, ಮಂಗಳೂರು)

ಉತ್ತರ: ಬೇಕಿಲ್ಲ. ಯಾವ ನಾಗರಿಕರೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಜಾಲತಾಣದಲ್ಲಿ ನೇರವಾಗಿ ಹೆಸರು ಸೂಚಿಸಬಹುದು. ಬಂದ ಹೆಸರುಗಳನ್ನು ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯಲ್ಲಿ ಪ್ರಧಾನಮಂತ್ರಿಗಳು ಪ್ರತಿವರ್ಷ ರಚಿಸುವ ಸಮಿತಿ ಪರಿಶೀಲಿಸುತ್ತದೆ. ಸಾಧನೆಯ ವಿವರಣೆಗೆ ಗರಿಷ್ಠ 800 ಪದಗಳ ಮಿತಿಯಿದೆ. ‘ಅಪ್ರತಿಮ’, ‘ಅನನ್ಯ’ ಎಂಬ ವಿಶೇಷಣಗಳಿಗೆ ಆ ಪದಗಳನ್ನು ವ್ಯಯಿಸದೆ, ಅವರು ಯಾವ ಊರಿನಲ್ಲಿ, ಯಾವ ವರ್ಷದಿಂದ, ಏನು ಮಾಡಿದರು, ಅದರಿಂದ ಯಾರಿಗೆ ಅನುಕೂಲವಾಯಿತು ಎಂಬುದನ್ನು ಬರೆಯಿರಿ. ಶಿಫಾರಸು ಕೇಳಿಕೊಂಡು ಕಚೇರಿಗೆ ಅಲೆಯುವ ಹೊತ್ತಿನಲ್ಲಿ ಅವರಿಂದ ಉಪಕಾರ ಪಡೆದವರನ್ನು ಕಂಡು ಮಾತನಾಡಿಸಿದರೆ ಈ ಬರವಣಿಗೆಗೆ ಬೇಕಾದದ್ದೆಲ್ಲ ಸಿಗುತ್ತದೆ.